ಎಳ್ಳಷ್ಟು

ದೋಣಿಯಲ್ಲಿ ಬಂತು ಗಂಟೆ, ಮೀನಿನ ಪೆಟ್ಟಿಗೆಗಳ ನಡುವೆ
ಉಣ್ಣೆಯ ಕಂಬಳಿ ಹೊದ್ದು.
ಹಿಂದೆಯೇ ಓಸ್ಲೌಗ್, ಸ್ಕಾರ್ವ ದ್ವೀಪದಲ್ಲಿ ಅದನ್ನು ಬಾರಿಸುವವಳು,
ಎಪ್ಪತ್ತೊಂದು ದಾಟಿದವಳು.
ಟ್ರೋಂಡ್‌ಹೈಮಿನ ಹಿಮ ಕೊಡವಿ ನೆಲಮಾಳಿಗೆಗಿಳಿದು
ಹೇಳಿದ್ದು ಇಷ್ಟೇ:
"ಇದು ಸುಳ್ಳು ಹೇಳುತ್ತಿದೆ.
ಮೇಲಿನ ಸ್ವರ ಸತ್ತಿದೆ. ಎಲ್ಲೋ ಬಿರುಕಿದೆ, ಹುಡುಕಿ."

ನಮ್ಮ ಮೇಜೆಂದರೆ ಮರಳು ತುಂಬಿದ ತೊಟ್ಟಿ,
ಅಡಿಯಲ್ಲಿ ಲಾರಿಯ ನಾಲ್ಕು ಟ್ಯೂಬು, ಅರ್ಧ ಗಾಳಿ.
ಟ್ರಾಮ್ ಓಡುವಷ್ಟು ಹೊತ್ತು ಕೆಲಸವಿಲ್ಲ.
ಕೊನೆಯದು ಹೋಗಬೇಕು,
ಮೇಲಿನ ಮಹಡಿಯ ಕೊಳಾಯಿ ನಿಲ್ಲಬೇಕು,
ಬೂಟು ಬಿಚ್ಚಬೇಕು,
ಕಬ್ಬಿಣದ ಕಾಲಿಗೆ ಬಿಗಿದ ಗಂಟೆ ಕೋಣೆಯ ಚಳಿಗೆ ಒಗ್ಗಬೇಕು.
ಸಿಗ್ವಾರ್ಟ್ ದೀಪವಾರಿಸಿ ಅಂದ: "ಉಸಿರು ಮೆಲ್ಲಗೆ."

ಒಂದೇ ಕೆಂಪು ಕಿರಣ ಕವಲೊಡೆದು
ಒಂದು ಗಂಟೆಯ ಮೈ ತಡವಿ ಬರುತ್ತದೆ,
ಇನ್ನೊಂದು ಅದನ್ನು ಸೋಕದೆ, ಬೇರೆ ದಾರಿಯಲ್ಲಿ.
ಗಾಜಿನ ಮೇಲೆ ಎರಡೂ ಸೇರುವಲ್ಲಿ
ಹೆಜ್ಜೆ ಕೂಡಿದರೆ ಬೆಳಕು;
ತಪ್ಪಿದರೆ, ಬೆಳಕಿಗೆ ಬೆಳಕು ಸೇರಿ ಕತ್ತಲು.
ಇಪ್ಪತ್ತು ವರ್ಷದಿಂದ ಈ ಲೆಕ್ಕ ಬಿಡಿಸಬಲ್ಲೆ,
ನಂಬಲು ಇನ್ನೂ ಬಾರದು.

ಮೊದಲ ಗಾಜು ಕೆಟ್ಟಿತು.
ಕತ್ತಲಲ್ಲಿ ಓಸ್ಲೌಗ್, ತನಗರಿವಿಲ್ಲದೆ,
ಕೀರ್ತನೆಯೊಂದನ್ನು ಗುನುಗಿದ್ದಳು.
ಅಷ್ಟಕ್ಕೇ ಗಂಟೆ ಒಳಗೊಳಗೇ ಓಗೊಟ್ಟು
ಚಿತ್ರ ಕಲಸಿಹೋಗಿತ್ತು.
"ಕೇಳಿಸಿತೇ ಅದಕ್ಕೆ?" ಅಂದಳು, ನಾಚಿ.

ಎರಡನೆಯ ಗಾಜು. ಇಪ್ಪತ್ತು ಸೆಕೆಂಡು.
ಆಮೇಲೆ ಹೇಳಿದೆವು, ಅಂಗೈ ಇಡಿ
ಗಂಟೆಯ ಬೆನ್ನಿಗೆ, ನೂರೆಣಿಸುವಷ್ಟು.
ಹೀಟರ್ ಇತ್ತು. ಯಾಕೋ ಅವಳ ಕೈಯೇ ಸಾಕೆನಿಸಿತು.
ಮತ್ತೆ ಅದೇ ಗಾಜಿಗೆ ಇಪ್ಪತ್ತು:
ತಣ್ಣಗಿನ ಗಂಟೆಯ ಮೇಲೆ ಬೆಚ್ಚಗಿನ ಗಂಟೆ,
ನಡುವೆ ಆದದ್ದು ಮಾತ್ರ ಗೆರೆಯಾಗಿ ಮೂಡಬೇಕು.

ರಾಸಾಯನಿಕದಿಂದೆತ್ತಿ, ತೊಳೆದು, ಒಣಗಿಸಿ
ಕಿರಣಕ್ಕೆ ಹಿಡಿದಾಗ ರಾತ್ರಿ ಮೂರು.
ಗಾಜಿನಾಚೆ ನಿಂತಿತ್ತು ಗಂಟೆ, ಕೆಂಪಗೆ,
ಮೈತುಂಬ ಹೆಬ್ಬೆಟ್ಟಿನ ಗುರುತಿನಂಥ ಗೆರೆ.
ಗೆರೆಯಿಂದ ಗೆರೆಗೆ ಉಬ್ಬು
ಕೂದಲೆಳೆಯ ಇನ್ನೂರರಲ್ಲೊಂದು ಪಾಲು.
ಬಿರುಕಿದ್ದರೆ ಗೆರೆ ಅಲ್ಲಿ ಮುರಿಯುತ್ತದೆ,
ಎಳೆ ತಪ್ಪಿದ ನೇಯ್ಗೆಯಂತೆ ಜಗ್ಗುತ್ತದೆ.
ಭೂತಗನ್ನಡಿ ಹಿಡಿದು ಹುಡುಕಿದೆವು
ಅಂಚು, ಸೊಂಟ, ದಾನಿಯ ಹೆಸರಿನ ಕೆತ್ತನೆ,
ನಾಲಗೆ ಬಡಿಬಡಿದು ಸವೆದ ಜಾಗ.
ಒಂದೂ ಮುರಿದಿರಲಿಲ್ಲ.

ಎಳ್ಳಷ್ಟೂ ದೋಷವಿಲ್ಲ ಎನ್ನುತ್ತಾರೆ ಹೊರಗೆ.
ನಮ್ಮ ಮೇಜಿನ ಮೇಲೆ ಎಳ್ಳೊಂದು ಬೆಟ್ಟ.
ಆ ಬೆಟ್ಟದ ಸಾವಿರದ ಪಾಲೂ ಇರಲಿಲ್ಲ.

ಸಿಗ್ವಾರ್ಟ್ ಬಾಯಿ ತೆರೆದ, ಕಣ್ಣಲ್ಲೇ ತಡೆದೆ.
ಅವಳಿಗೆ ಅಷ್ಟರಲ್ಲಿ ಗೊತ್ತಾಗಿತ್ತು.
ತಲೆ ಅತ್ತಿತ್ತ ಸರಿಸಿ, ಗಾಜಿನೊಳಗಿನ ಗಂಟೆಯ
ಆ ಬದಿ ಈ ಬದಿ ನೋಡಿದಳು ಬಹಳ ಹೊತ್ತು.
"ಹಾಗಾದರೆ ಸುಳ್ಳು ಹೇಳುತ್ತಿರುವುದು
ಇದಲ್ಲ," ಅಂದು
ಬಲಗಿವಿಯ ಮೇಲೆ ಟೋಪಿ ಎಳೆದುಕೊಂಡಳು.
"ಇದನ್ನೂ ಅಳೆಯುತ್ತೀರಾ ಇಲ್ಲಿ?"

ಇಪ್ಪತ್ತು ಸೆಕೆಂಡು ಅಲುಗದೆ ಇರಬಲ್ಲದ್ದನ್ನು ಮಾತ್ರ, ಅಂದೆ.
ನಕ್ಕಳು. ಆ ನಗುವಿಗೆ ಮೇಜಿನ ಮೇಲಿನ ಗೆರೆಗಳೆಲ್ಲ
ಒಮ್ಮೆ ನಡುಗಿ ನಿಂತವು.

ಬೆಳಗಿನ ದೋಣಿಗೆ ಇಬ್ಬರೂ ಹೋದರು.
ವರದಿ ಬರೆದೆ: ಕಂಚಿನ ಗಂಟೆ, ಮೂವತ್ತೆಂಟು ಕಿಲೋ,
ಬಿರುಕು ಕಂಡುಬಂದಿಲ್ಲ.
ಶಾಖದ ಮೂಲ ಎಂಬಲ್ಲಿ ಪೆನ್ನು ತುಸು ತಡೆಯಿತು.
ಅಂಗೈ, ಎಂದು ಬರೆದೆ.
"ಎಷ್ಟು ಡಿಗ್ರಿ?" ಕೇಳಿದ ಸಿಗ್ವಾರ್ಟ್, ಸಹಿ ಹಾಕುವ ಮುಂಚೆ.
ಅಳೆಯಲಿಲ್ಲ, ಅಂದೆ.